ಹಳೆ ಕಾರಿನ ಬಣ್ಣ: ಉಜ್ಜುವುದು ಕಮ್ಮಿ, ಕಾಪಾಡುವುದು ಜಾಸ್ತಿ

(ಮೈಸೂರಿನಲ್ಲಿ ಹಳೆ ಕಾರು ಇಟ್ಟುಕೊಂಡಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಪದ್ಮಿನಿ ಇದೆ, ಕೆಲವರ ಹತ್ತಿರ ಅಂಬಾಸಿಡರ್ ಇದೆ, ಮಾರುತಿ 800 ಅಂತೂ ತುಂಬಾ ಜನರ ಹತ್ತಿರ ಇದೆ. ಇವುಗಳಲ್ಲಿ ಒಂದೂ ಈಗ ತಯಾರಾಗುತ್ತಿಲ್ಲ. ಮುಂಬಯಿಯ ಕುರ್ಲಾದಿಂದ ಪದ್ಮಿನಿ ಬರುವುದು ನಿಂತು ಎರಡು ದಶಕ ಮೀರಿತು. ಅಂಬಾಸಿಡರ್ ಮತ್ತು 800 ಎರಡೂ 2014ರಲ್ಲಿ ನಿಂತವು. ಕಾರ್ಖಾನೆಯಲ್ಲಿ ಹೊಡೆದ ಬಣ್ಣವೇ ಇನ್ನೂ ಮೈಮೇಲೆ ಇದ್ದರೆ, ಅದು ಮತ್ತೆ ಸಿಗುವ ವಸ್ತುವಲ್ಲ. ಬಿಡಿಭಾಗ ಹುಡುಕಿ ತರಬಹುದು. ಎಂಜಿನ್ ಬೋರ್ ಮಾಡಿಸಬಹುದು. ಸೀಟು ಹೊಸದಾಗಿ ಹೊಲಿಸಬಹುದು. ಆ ಬಣ್ಣ ಮಾತ್ರ ಇರುವಷ್ಟೇ.

ಅದಕ್ಕೇ ನಾನು ಇವತ್ತು ಹೇಳಬೇಕು ಅಂತಿರುವುದು ಒಂದೇ ವಿಷಯ. ಪಾಲಿಶ್ ಮಾಡಿದಾಗಲೆಲ್ಲ ಬಣ್ಣ ಖರ್ಚಾಗುತ್ತದೆ. ಹಳೆ ಕಾರಿನಲ್ಲಿ ಖರ್ಚು ಮಾಡಲು ಉಳಿದಿರುವುದು ಸ್ವಲ್ಪ. ಆ ಸ್ವಲ್ಪವನ್ನು ಎಲ್ಲಿ ಎಷ್ಟು ಬಳಸಬೇಕು, ಎಲ್ಲಿ ಕೈಯೇ ಇಡಬಾರದು ಅಂತ ಗೊತ್ತಿರಬೇಕು. ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಎಷ್ಟು ಉಳಿದಿದೆ ಅಂತ ಮೊದಲು ನೋಡೋಣ. ಬಣ್ಣದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಇವತ್ತಿನ ಕಾರ್ಖಾನೆ ಬಣ್ಣ, ತಗಡಿಗೆ ಮೊದಲು ಹೊಡೆಯುವ ಪ್ರೈಮರ್‌ನಿಂದ ಮೇಲಿನ ಪದರದವರೆಗೆ ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಸುಮಾರು 100 ಮೈಕ್ರಾನ್. ಅಂದರೆ ತಗಡಿನ ಮೇಲಿನ ಅಷ್ಟೂ ಬಣ್ಣ ಸೇರಿದರೂ ಒಂದೂವರೆ ಹಾಳೆ ದಪ್ಪ ಮೀರುವುದಿಲ್ಲ. ಅದರಲ್ಲಿ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದ್ದರೆ ಅದರ ಪಾಲು 35ರಿಂದ 50 ಮೈಕ್ರಾನ್. ನಾವು ಪಾಲಿಶ್ ಮಾಡುವುದು ಇದನ್ನೇ.

ಈ ಕ್ಲಿಯರ್ ಕೋಟ್ ಇರುವುದು ಹೊಳಪಿಗೆ ಮಾತ್ರ ಅಲ್ಲ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕವನ್ನು ಅದರೊಳಗೆ ಬೆರೆಸಿರುತ್ತಾರೆ. ಉಜ್ಜಿ ಉಜ್ಜಿ ಅದು ತೆಳುವಾದರೆ ಬಿಸಿಲು ನೇರವಾಗಿ ಕೆಳಗಿನ ಬಣ್ಣಕ್ಕೆ ತಾಗುತ್ತದೆ. ಪಾಲಿಶ್ ಮಾಡಿಸಿದ ದಿನ ಕಾರು ಫಳಫಳ ಅನ್ನುತ್ತದೆ. ಕೆಲವು ಬೇಸಿಗೆ ಕಳೆದ ಮೇಲೆ ಬಾನೆಟ್ ಮತ್ತು ಟಾಪ್ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ಹಳೆ ಮೆಟಾಲಿಕ್ ಕಾರುಗಳಲ್ಲಿ ಇದನ್ನು ನೀವೆಲ್ಲ ನೋಡಿರುತ್ತೀರಿ. ಒಮ್ಮೆ ಸಿಪ್ಪೆ ಎದ್ದರೆ ಯಾವ ಪಾಲಿಶೂ ಅದನ್ನು ಮತ್ತೆ ಕೂರಿಸುವುದಿಲ್ಲ. ಉಜ್ಜಿದಷ್ಟೂ ಅಂಚು ಕಿತ್ತುಕೊಂಡು ಹೋಗುತ್ತದೆ. ಆ ಜಾಗಕ್ಕೆ ಮತ್ತೆ ಬಣ್ಣವೇ ಹೊಡೆಸಬೇಕು.

ಒಂದು ಸಲ ಪಾಲಿಶ್ ಮಾಡಿದರೆ ಎಷ್ಟು ಹೋಗುತ್ತದೆ? ಮೆತ್ತನೆ ಫೋಮ್ ಪ್ಯಾಡಿಗೆ ನಯವಾದ ಫಿನಿಶಿಂಗ್ ಪಾಲಿಶ್ ಹಾಕಿ ಹಗುರವಾಗಿ ಮಾಡಿದರೆ ಒಂದು ಮೈಕ್ರಾನ್ ಆಸುಪಾಸು, ಇಲ್ಲವೇ ಅದಕ್ಕೂ ಕಮ್ಮಿ. ಅದೇ ಜಾಗಕ್ಕೆ ಉಣ್ಣೆ ಪ್ಯಾಡ್, ಒರಟು ರಬ್ಬಿಂಗ್ ಕಾಂಪೌಂಡ್ ಹಾಕಿ ಮೆಷಿನ್ ಒತ್ತಿ ಹಿಡಿದರೆ ಹಲವು ಮೈಕ್ರಾನ್ ಹೋಗುತ್ತದೆ. ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಆಮೇಲೆ ಬಫಿಂಗ್ ಮಾಡಿದರೆ ಇನ್ನೂ ಜಾಸ್ತಿ. ಈಗ ಯೋಚನೆ ಮಾಡಿ. ನಿಮ್ಮ ಕೈಗೆ ಬರುವ ಮುಂಚೆ ಆ ಕಾರಿಗೆ ಇಬ್ಬರೋ ಮೂವರೋ ಓನರ್‌ಗಳಿದ್ದರು. ಪ್ರತಿ ವರ್ಷ ಹಬ್ಬಕ್ಕೆ ಒಂದೊಂದು ರಬ್ಬಿಂಗ್ ಆಗಿದ್ದರೆ ಉಳಿದಿರುವುದು ಎಷ್ಟು?

ಇದನ್ನು ತಿಳಿಯಲು ದಪ್ಪ ಅಳೆಯುವ ಗೇಜ್ ಸಿಗುತ್ತದೆ. ಕಬ್ಬಿಣದ ತಗಡಿನ ಮೇಲೆ ಅಯಸ್ಕಾಂತದ ತತ್ವದಲ್ಲಿ, ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್ ತತ್ವದಲ್ಲಿ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಬಂಪರ್, ಫೈಬರ್ ಮೇಲೆ ಈ ಮಾಮೂಲಿ ಗೇಜ್ ಏನೂ ತೋರಿಸುವುದಿಲ್ಲ. ಒಂದು ವಿಷಯ ಮರೆಯಬೇಡಿ. ಅದು ಹೇಳುವುದು ಒಟ್ಟು ದಪ್ಪ. ಯಾವ ಪದರ ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. 200 ತೋರಿಸಿತು ಅಂತ ಖುಷಿ ಪಡಬೇಡಿ, ಬಹುಶಃ ಅಲ್ಲಿ ಮೇಲಿಂದ ಇನ್ನೊಮ್ಮೆ ಬಣ್ಣ ಹೊಡೆದಿದ್ದಾರೆ. 500, 1000 ಅಂತ ಬಂದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಹಾಗಾಗಿ ಒಂದೇ ಅಂಕಿ ನೋಡಿ ತೀರ್ಮಾನ ಮಾಡುವುದಕ್ಕಿಂತ, ಎಡ ಬಾಗಿಲನ್ನು ಬಲ ಬಾಗಿಲಿಗೆ, ಬಾನೆಟ್ ನಡುವನ್ನು ಬಾನೆಟ್ ಅಂಚಿಗೆ ಹೋಲಿಸಿ ನೋಡಿ. ಒಂದು ಕಡೆ ಸುತ್ತಮುತ್ತ 110 ಇದ್ದು ನಡುವೆ ದಿಢೀರ್ ಅಂತ 80ಕ್ಕೆ ಇಳಿದರೆ, ಯಾರೋ ಅಲ್ಲಿ ಒಂದು ಗೀರು ತೆಗೆಯಲು ಹೋಗಿ ಚೆನ್ನಾಗಿ ಉಜ್ಜಿದ್ದಾರೆ ಅಂತಲೇ ಅರ್ಥ. ಅಂಥ ಜಾಗದಲ್ಲಿ ನಾನು ಮೆಷಿನ್ ಇಡುವುದಿಲ್ಲ.

ಗೇಜ್ ಇಲ್ಲ ಅಂದರೂ ಕಣ್ಣು ಇದೆಯಲ್ಲ. ಬಾನೆಟ್ ಅಂಚು, ಬಾಗಿಲಿನ ಮೇಲೆ ಉದ್ದಕ್ಕೆ ಓಡುವ ಗೆರೆ, ಮಡ್‌ಗಾರ್ಡಿನ ಮಡಿಕೆ, ಹ್ಯಾಂಡಲ್ ಸುತ್ತಲಿನ ಜಾಗ, ಇವನ್ನು ನೆರಳಿನಲ್ಲಿ ಓರೆಯಾಗಿ ನೋಡಿ. ಹಸಿ ಬಣ್ಣ ಚೂಪಾದ ಅಂಚಿನಿಂದ ಪಕ್ಕಕ್ಕೆ ಹರಿಯುತ್ತದೆ. ಆದ್ದರಿಂದ ಅಲ್ಲಿ ಮೊದಲಿನಿಂದಲೂ ಬಣ್ಣ ತೆಳು. ಪ್ಯಾಡಿನ ಒತ್ತಡವೆಲ್ಲ ಬೀಳುವುದೂ ಅಲ್ಲೇ. ಬಣ್ಣದೊಳಗಿಂದ ಬೂದು ಛಾಯೆ ಅಥವಾ ರೆಡ್ ಆಕ್ಸೈಡಿನ ಕಂದು ಛಾಯೆ ಇಣುಕುತ್ತಿದ್ದರೆ ಪ್ರೈಮರ್ ಹತ್ತಿರದಲ್ಲೇ ಇದೆ. ಅಲ್ಲಿ ಪಾಲಿಶ್ ಮಾತೇ ಬೇಡ.

ಇನ್ನು ಬಣ್ಣ ಯಾವ ಜಾತಿಯದ್ದು ಅನ್ನುವ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಕೆಲಸವೂ ಇದರ ಮೇಲೆ ನಿಂತಿದೆ.

ನಮ್ಮ ಹಳೆ ಪೇಂಟರ್‌ಗಳು ಈಗಲೂ ಡ್ಯೂಕೋ ಅನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ತಂದ ನೈಟ್ರೋಸೆಲ್ಯುಲೋಸ್ ಬಣ್ಣ ಅದು. 1924ರ ಓಕ್‌ಲ್ಯಾಂಡ್ ಕಾರು ಅದನ್ನು ಹಚ್ಚಿಕೊಂಡು ಹೊರಬಂತು. ಅದಕ್ಕೂ ಮುಂಚೆ ಒಂದು ಕಾರಿನ ಬಣ್ಣ ಪೂರ್ತಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಇದು ಬೇಗ ಒಣಗುತ್ತಿತ್ತು, ಆದರೆ ಉಜ್ಜಿದ ಮೇಲೇ ಹೊಳೆಯುತ್ತಿತ್ತು. ಆ ಬಣ್ಣವನ್ನು ನಾವು ಎನ್‌ಸಿ ಅಂತ ಕರೆಯುತ್ತೇವೆ. ಆಮೇಲೆ ಎನಾಮಲ್ ಬಂತು, ಈಗ ಗಟ್ಟಿಯಾಗಲು ಹಾರ್ಡ್ನರ್ ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ ಇದೆ. ಹಳೆ ಕಾರುಗಳ ಬಿಳಿ, ಕೆಂಪು, ನೀಲಿಯಂಥ ಸಾದಾ ಬಣ್ಣ ಬಹುತೇಕ ಸಿಂಗಲ್ ಸ್ಟೇಜ್. ಅಂದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ. ಬಿಸಿಲು, ಮಳೆ, ಧೂಳು ನೇರ ಬಣ್ಣದ ಮೇಲೇ ಬೀಳುತ್ತವೆ.

ಪರೀಕ್ಷೆ ಸುಲಭ. ಮನೆಯಲ್ಲೇ ಮಾಡಿ. ಬಾಗಿಲಿನ ಕೆಳಭಾಗದಲ್ಲಿ ಎದ್ದು ಕಾಣದ ಒಂದು ಅಂಗೈಯಷ್ಟು ಜಾಗ ತೊಳೆದು ಒಣಗಿಸಿ. ಬಿಳಿ ಹತ್ತಿ ಬಟ್ಟೆಯನ್ನು ಎರಡು ಬೆರಳಿಗೆ ಸುತ್ತಿ, ಬಟಾಣಿ ಗಾತ್ರದ ನಯವಾದ ಪಾಲಿಶ್ ಹಾಕಿಕೊಂಡು ಹಗುರವಾಗಿ ಉಜ್ಜಿ. ಸ್ವಲ್ಪ ಹೊತ್ತಿನಲ್ಲೇ ಬಟ್ಟೆ ಕಥೆ ಹೇಳುತ್ತದೆ. ಕೆಂಪು ಕಾರಾದರೆ ಮೊದಲು ತಿಳಿ ಗುಲಾಬಿ ಬರುತ್ತದೆ. ಅದು ಮೇಲೆ ಸತ್ತು ಸೀಮೆಸುಣ್ಣದ ಪುಡಿಯಂತಾದ ಬಣ್ಣ. ಇನ್ನೂ ಸ್ವಲ್ಪ ಉಜ್ಜಿದರೆ ಗುಲಾಬಿ ಹೋಗಿ ಗಟ್ಟಿ ಕೆಂಪು ಬರುತ್ತದೆ. ಅಲ್ಲಿಂದಾಚೆ ಬರುತ್ತಿರುವುದು ಒಳ್ಳೆಯ ಬಣ್ಣ. ಈ ಬದಲಾವಣೆಯನ್ನು ಕಣ್ಣಲ್ಲಿ ಗುರುತು ಇಟ್ಟುಕೊಳ್ಳಿ. ಗುಲಾಬಿ ಬರುತ್ತಿರುವಷ್ಟು ಹೊತ್ತು ನೀವು ಸತ್ತದ್ದನ್ನು ತೆಗೆಯುತ್ತಿದ್ದೀರಿ. ಗಟ್ಟಿ ಕೆಂಪು ಬರಲು ಶುರುವಾದರೆ ಬದುಕಿರುವುದನ್ನು ತೆಗೆಯುತ್ತಿದ್ದೀರಿ, ಕೈ ನಿಲ್ಲಿಸಬೇಕು. ಬಿಳಿ ಕಾರಾದರೆ ಕಪ್ಪು ಬಟ್ಟೆ ತಗೊಳ್ಳಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಹಳೆ ಸಿಂಗಲ್ ಸ್ಟೇಜ್ ಮೆಟಾಲಿಕ್ ಆದರೆ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅದರೊಳಗಿನ ಅಲ್ಯೂಮಿನಿಯಂ ಚೂರುಗಳಿಂದ. ಅದನ್ನು ಇನ್ನೂ ಹಗುರವಾಗಿ ನೋಡಿಕೊಳ್ಳಬೇಕು. ಬಟ್ಟೆಗೆ ಕಾರಿನ ಬಣ್ಣವೇ ಬರಲಿಲ್ಲ ಅಂದರೆ ಮೇಲೆ ಕ್ಲಿಯರ್ ಕೋಟ್ ಇದೆ.

ಒಂದು ಬಾಗಿಲಲ್ಲಿ ನೋಡಿ ಇಡೀ ಕಾರಿಗೆ ತೀರ್ಪು ಕೊಡಬೇಡಿ. ಮೂವತ್ತು ವರ್ಷದ ಕಾರಿನಲ್ಲಿ ಒಂದು ಮಡ್‌ಗಾರ್ಡ್ ಕಾರ್ಖಾನೆಯದ್ದು, ಇನ್ನೊಂದು ಯಾವುದೋ ಟಿಂಕರಿಂಗ್ ಆದ ಮೇಲೆ ಹೊಡೆದದ್ದು ಇರುತ್ತದೆ. ಮರು ಬಣ್ಣ ಹೊಡೆದ ಕಡೆ ಎನ್‌ಸಿ ಇದೆಯಾ ಅಂತ ಅನುಮಾನ ಬಂದರೆ, ಒಳ ಅಂಚಿನಲ್ಲಿ ಎಲ್ಲೂ ಕಾಣದ ಕಡೆ ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಮುಟ್ಟಿಸಿ. ಎನ್‌ಸಿ ಕೂಡಲೇ ಕರಗಿ ಬಟ್ಟೆಗೆ ಬರುತ್ತದೆ. ಗಟ್ಟಿಯಾದ ಪಿಯು ಬರುವುದಿಲ್ಲ. ಹೀಗೆ ಕರಗುವ ಬಣ್ಣದ ಮೇಲೆ ಡಾಂಬರು ಕಲೆ ತೆಗೆಯಲು ಪೆಟ್ರೋಲ್, ಥಿನ್ನರ್ ಹಾಕಿದರೆ ಕಲೆಯ ಜೊತೆ ಬಣ್ಣವೂ ಎದ್ದು ಬರುತ್ತದೆ. ಬಟ್ಟೆಗೆ ತುಸು ಸೀಮೆಎಣ್ಣೆ ಹಾಕಿ ಮೆಲ್ಲಗೆ ಒರೆಸಿ, ತಕ್ಷಣ ಶಾಂಪೂ ನೀರಿನಲ್ಲಿ ತೊಳೆದುಬಿಡಿ. ಅಷ್ಟು ಸಾಕು.

ಈಗ ನಮ್ಮ ದಿನದ ಅಭ್ಯಾಸಗಳಿಗೆ ಬರುತ್ತೇನೆ. ನನ್ನ ಅನುಭವದಲ್ಲಿ ಹಳೆ ಕಾರಿನ ಬಣ್ಣವನ್ನು ಮೆಷಿನ್‌ಗಿಂತ ಜಾಸ್ತಿ ತಿಂದಿರುವುದು ಬೆಳಿಗ್ಗೆಯ ಒಣ ಬಟ್ಟೆ. ರಾತ್ರಿಯಿಡೀ ಧೂಳು ಕೂತಿರುತ್ತದೆ. ಬೆಳಿಗ್ಗೆ ಹಳೆ ಬನಿಯನ್ನೋ ಹಳದಿ ಬಟ್ಟೆಯನ್ನೋ ತಗೊಂಡು ಸರಸರ ಅಂತ ಒರೆಸಿಬಿಡುತ್ತಾರೆ. ಆ ಧೂಳಿನಲ್ಲಿ ಮರಳಿನ ಕಣ ಇದೆ. ಸಂಡೂರು, ಹೊಸಪೇಟೆ ಕಡೆಯವರಾದರೆ ಅದಿರಿನ ಕೆಂಪು ಧೂಳೂ ಇದೆ. ಎರಡೂ ಬಣ್ಣಕ್ಕಿಂತ ಗಟ್ಟಿ. ದಿನಾ ಒಣ ಬಟ್ಟೆಯಲ್ಲಿ ಒರೆಸಿದರೆ ದಿನಾ ಸಣ್ಣಗೆ ವಾಟರ್ ಪೇಪರ್ ಹಾಕಿದಂತೆಯೇ ಆಯಿತು. ಬಿಸಿಲಿನಲ್ಲಿ ಕಾಣುವ ಆ ಬಲೆಬಲೆ ಗೀರುಗಳೆಲ್ಲ ಹೀಗೆ ಬಂದವು. ಆಮೇಲೆ ಆ ಗೀರು ತೆಗೆಸಲು ರಬ್ಬಿಂಗ್ ಮಾಡಿಸುತ್ತೇವೆ, ಅಲ್ವಾ? ಧೂಳು ಇದ್ದರೆ ಇರಲಿ. ನೀರು ಹಾಕಲು ಆಗದ ದಿನ ಕಾರು ಧೂಳಾಗಿಯೇ ಓಡಲಿ.

ತೊಳೆಯುವಾಗ ಮೊದಲು ಬರೀ ನೀರು ಹಾಕಿ ಧೂಳು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದಿ. ಮೇಲಿಂದ ಕೆಳಗೆ ಬನ್ನಿ. ಚಕ್ರದ ಬಟ್ಟೆ ಬೇರೆ ಇರಲಿ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಮೇಣವಿದ್ದರೆ ಅದನ್ನೂ ತೊಳೆದುಬಿಡುತ್ತವೆ. ಬೋರ್‌ವೆಲ್ ನೀರಾದರೆ ಮೈಮೇಲೆ ಒಣಗಲು ಬಿಡಬೇಡಿ, ಸುಣ್ಣದ ಚುಕ್ಕೆ ಕೂರುತ್ತದೆ. ಹಳೆ ಬಣ್ಣದಲ್ಲಿ ಅದನ್ನು ತೆಗೆಯಲು ಹೋಗುವುದೇ ಇನ್ನೊಂದು ಉಜ್ಜಾಟ.

ಆಯುಧಪೂಜೆ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ನಮ್ಮ ಊರಿನ ಕಾರುಗಳಿಗೇ ಇರುವ ವಿಷಯ, ಬೇರೆಯವರ ಪುಸ್ತಕಗಳಲ್ಲಿ ಸಿಗುವುದಿಲ್ಲ. ಹಬ್ಬದ ದಿನ ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ, ಗಂಧ ಎಲ್ಲ ಬೀಳುತ್ತದೆ. ಹಾರವನ್ನು ಟೇಪ್ ಹಾಕಿ ಅಂಟಿಸುತ್ತಾರೆ. ಮೇಲೆ ಕ್ಲಿಯರ್ ಕೋಟ್ ಇರುವ ಹೊಸ ಕಾರಾದರೆ ಮಾರನೇ ದಿನ ತೊಳೆದರೆ ಹೋಯಿತು. ಹಳೆ ಬಿಳಿ ಅಂಬಾಸಿಡರ್ ನೋಡಿ. ಮೇಲ್ಮೈ ಒಣಗಿ ಸಣ್ಣ ಸಣ್ಣ ರಂಧ್ರ ಬಿದ್ದಿರುತ್ತದೆ. ಒದ್ದೆ ಕುಂಕುಮ ಆ ರಂಧ್ರಕ್ಕೆ ಇಳಿಯುತ್ತದೆ. ವರ್ಷವಾದರೂ ಬಾನೆಟ್ ನಡುವೆ ಒಂದು ಗುಲಾಬಿ ಬೊಟ್ಟು ಹಾಗೇ ಉಳಿಯುತ್ತದೆ. ಅದನ್ನು ತೆಗೆಯಲು ಜನ ಅದೇ ಜಾಗವನ್ನು ಪ್ರತಿ ವರ್ಷ ಉಜ್ಜುತ್ತಾರೆ. ಕೆಲವು ಹಳೆ ಬಿಳಿ ಕಾರುಗಳಲ್ಲಿ ಬಾನೆಟ್ ನಡುವೆ ಮಾತ್ರ ಪ್ರೈಮರ್ ಕಾಣಿಸುವುದು ಇದೇ ಕಾರಣಕ್ಕೆ.

ಪೂಜೆ ಬಿಡಿ ಅಂತ ನಾನು ಹೇಳುವುದಿಲ್ಲ. ನಾನೂ ಮಾಡುತ್ತೇನೆ. ಹಬ್ಬಕ್ಕೆ ಕೆಲವು ದಿನ ಮುಂಚೆ ಕಾರು ತೊಳೆದು ಮೇಣ ಹಚ್ಚಿ. ಮೇಣದ ಪದರ ಇದ್ದರೆ ಕುಂಕುಮ ಮೇಲೇ ನಿಲ್ಲುತ್ತದೆ. ಬೊಟ್ಟನ್ನು ಗಾಜಿಗೋ ಕ್ರೋಮ್ ಬಂಪರಿಗೋ ಇಡಿ, ದೇವರಿಗೇನೂ ಬೇಜಾರಿಲ್ಲ. ಹಾರವನ್ನು ಟೇಪಿನ ಬದಲು ದಾರ ಹಾಕಿ ಗ್ರಿಲ್‌ಗೆ ಕಟ್ಟಿ. ಟೇಪ್ ಕೀಳುವಾಗ ಹಳೆ ಬಣ್ಣ ಚಕ್ಕೆಯಾಗಿ ಎದ್ದುಬರುವುದುಂಟು. ಅರಿಶಿನದ ಕಲೆ ಉಳಿದರೆ ಉಜ್ಜಲು ಹೋಗಬೇಡಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ತೊಳೆದು ಬಿಸಿಲಿಗೆ ನಿಲ್ಲಿಸಿದರೆ ದಿನ ಕಳೆದಂತೆ ತಾನೇ ಮಾಸುತ್ತದೆ.

ಸರಿ, ಕಾರು ತೊಳೆದಾಯಿತು, ಬಣ್ಣ ಸಿಂಗಲ್ ಸ್ಟೇಜ್ ಅಂತ ಗೊತ್ತಾಯಿತು, ಮಂಕಾಗಿದೆ. ಮುಂದೇನು? ಎಲ್ಲರ ಕೈ ಮೊದಲು ಕಾಂಪೌಂಡ್ ಡಬ್ಬಿಗೆ ಹೋಗುತ್ತದೆ. ಅದಕ್ಕೂ ಮುಂಚೆ ಮಾಡುವ ಕೆಲಸ ಒಂದಿದೆ, ಅದೇ ಇವತ್ತಿನ ಮಾತಿನಲ್ಲಿ ನನಗೆ ತುಂಬಾ ಮುಖ್ಯವಾದದ್ದು. ಒಣಗಿದ ಬಣ್ಣಕ್ಕೆ ಮೊದಲು ಎಣ್ಣೆ ಕುಡಿಸುವುದು.

ಉಜ್ಜುವ ಪುಡಿ ಇಲ್ಲದ, ಎಣ್ಣೆ ಅಂಶ ಜಾಸ್ತಿ ಇರುವ ಗ್ಲೇಜ್‌ಗಳು ಬರುತ್ತವೆ. ಮೆಗ್ವಾಯರ್ಸ್ ಕಂಪನಿಯ ನಂಬರ್ 7 ಈ ಕೆಲಸಕ್ಕೆ ಹೆಸರಾದದ್ದು. ಅಂಥದ್ದನ್ನು ಟರ್ಕಿ ಟವೆಲ್ ತುಂಡಿನಲ್ಲಿ ಧಾರಾಳವಾಗಿ ತಗೊಂಡು ಬಾನೆಟ್ ಮೇಲೆ ಹಚ್ಚಿ, ಕೈಯಲ್ಲಿ ಹಗುರವಾಗಿ ತಿಕ್ಕಿ. ಟರ್ಕಿ ಟವೆಲಿನ ಕುಚ್ಚು ಸತ್ತ ಪುಡಿಯನ್ನು ಮಾತ್ರ ಎತ್ತಿಕೊಳ್ಳುತ್ತದೆ. ಟವೆಲ್ ತುಂಬಾ ಬಣ್ಣವಾದರೆ ಬೇರೆ ತುಂಡು ತಗೊಳ್ಳಿ. ಆಮೇಲೆ ಇನ್ನೊಂದು ಸಲ ದಪ್ಪಗೆ ಹಚ್ಚಿ, ನೆರಳಿನಲ್ಲಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೋಡಿ. ಬೂದು ಹಿಡಿದಿದ್ದ ಕೆಂಪು ಕಡುಗೆಂಪಾಗಿರುತ್ತದೆ. ಇದರಲ್ಲಿ ಮಾಯೆ ಏನಿಲ್ಲ. ಮೇಲ್ಮೈ ಒಡೆದು ಒರಟಾದಾಗ ಬಿದ್ದ ಬೆಳಕು ಎಲ್ಲಾ ಕಡೆ ಚೆದುರಿ ಬಣ್ಣ ಬೆಳ್ಳಗೆ ಕಾಣುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿದಾಗ ಚೆದುರುವುದು ನಿಲ್ಲುತ್ತದೆ. ಇನ್ನೊಂದು ಲಾಭವೂ ಇದೆ. ಎಣ್ಣೆ ಕುಡಿದ ಬಣ್ಣದ ಮೇಲೆ ಆಮೇಲೆ ಪಾಲಿಶ್ ಮಾಡಿದರೆ ಪ್ಯಾಡ್ ಒಣಗಿ ಹಿಡಿದುಕೊಳ್ಳುವುದಿಲ್ಲ, ಬಣ್ಣ ಕಮ್ಮಿ ಹೋಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಕಾರು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಪಾಲಿಶ್ ಬೇಕೇ ಬೇಡವೇ ಅಂತ ಮತ್ತೆ ಯೋಚನೆ ಮಾಡಬಹುದು. ನಾನಾದರೆ ಅಲ್ಲಿಗೇ ನಿಲ್ಲಿಸಿ ಮೇಣ ಹಚ್ಚುತ್ತೇನೆ. ಈ ಎಣ್ಣೆ ಒಂದೇ ಆದರೆ ಕೆಲವು ಮಳೆಗೆ ತೊಳೆದುಹೋಗುತ್ತದೆ, ಅದಕ್ಕೇ ಮೇಲೆ ಮೇಣ ಬೇಕು.

ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಯಾರೋ ಕೇಳಿದರು. ಬೇಡ. ಒಂದು ದಿನ ಹೊಳೆಯುತ್ತದೆ, ಮಾರನೇ ದಿನ ಊರಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಡೀಸೆಲ್ ಒರೆಸುವುದೂ ಅಷ್ಟೇ. ಹಳೆ ಲಾರಿ, ಬಸ್ಸುಗಳಿಂದ ಬಂದ ಅಭ್ಯಾಸ ಅದು. ತೆಳು ಬಣ್ಣದ ಮೇಲೆ ದಯವಿಟ್ಟು ಬೇಡ.

ಕ್ಲಿಯರ್ ಕೋಟ್ ಇರುವ ಕಾರಿಗೆ ಈ ಎಣ್ಣೆ ಕೆಲಸದಿಂದ ಅಷ್ಟೇನೂ ಲಾಭ ಇಲ್ಲ. ಅಲ್ಲಿ ನೇರ ಪಾಲಿಶ್ ವಿಚಾರಕ್ಕೆ ಬರಬೇಕು. ಹೆಚ್ಚು ಕಮ್ಮಿ ಎರಡೂ ಜಾತಿಗೆ ಕ್ರಮ ಒಂದೇ.

ನೆರಳಿನಲ್ಲಿ ಮಾಡಿ. ಅಂಗೈ ಹಿಂಭಾಗ ಇಟ್ಟು ನೋಡಿದರೆ ತಗಡು ತಣ್ಣಗಿರಬೇಕು. ಮೊದಲು ಎರಡಡಿ ಚೌಕದ ಒಂದು ಜಾಗ ಆರಿಸಿಕೊಳ್ಳಿ, ಡಿಕ್ಕಿಯ ಮುಚ್ಚಳ ಒಳ್ಳೆಯದು. ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಮೆತ್ತನೆ ಪ್ಯಾಡ್, ಅತಿ ನಯವಾದ ಪಾಲಿಶ್, ಹಗುರ ಕೈ. ಅಷ್ಟರಿಂದ ಎಷ್ಟು ಬಂತು ನೋಡಿ. ಸಾಕು ಅನ್ನಿಸಿದರೆ ಇಡೀ ಕಾರಿಗೂ ಅದೇ ಸಾಕು. ಆಗಲಿಲ್ಲ ಅಂದರೆ ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿ. ಮೊದಲೇ ಒರಟು ಕಾಂಪೌಂಡಿನಿಂದ ಶುರು ಮಾಡುವವರಿಗೆ ಕಮ್ಮಿಯಲ್ಲಿ ಆಗುತ್ತಿತ್ತಾ ಅಂತ ಗೊತ್ತಾಗುವುದೇ ಇಲ್ಲ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ನಿಂದ ಹೋಗುವುದಿಲ್ಲ. ಅದನ್ನು ತೆಗೆಯಬೇಕಾದರೆ ಸುತ್ತಲಿನ ಬಣ್ಣವನ್ನೂ ಅದರ ಆಳಕ್ಕೆ ಇಳಿಸಬೇಕು. ಅಷ್ಟು ಬಣ್ಣ ನಮ್ಮ ಹತ್ತಿರ ಇಲ್ಲ. ಅದು ಕಾರಿನ ವಯಸ್ಸು, ಇರಲಿ.

ಮೆಷಿನ್ ಬೇಕು ಅನ್ನುವವರು ಡ್ಯುಯಲ್ ಆ್ಯಕ್ಷನ್ ಪಾಲಿಶರ್ ತಗೊಳ್ಳಿ. ಅದರ ಪ್ಯಾಡ್ ತಿರುಗುತ್ತಾ ಓಲಾಡುತ್ತದೆ. ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ಹೊಸಬರ ಕೈಯಲ್ಲಿ ಅನಾಹುತ ಕಮ್ಮಿ. ಬಫಿಂಗ್ ಅಂಗಡಿಗಳಲ್ಲಿ ಇರುವ ರೋಟರಿ ಹಾಗಲ್ಲ. ಒತ್ತಿದರೂ ತಿರುಗುತ್ತಲೇ ಇರುತ್ತದೆ, ಒಂದೇ ಕಡೆ ನಿಂತರೆ ಬಿಸಿಯೇರಿ ಬಣ್ಣ ಸುಡುತ್ತದೆ. ಪಳಗಿದ ಕೈಗೆ ಅದು ಒಳ್ಳೆಯ ಸಾಧನ. ಪದ್ಮಿನಿಯ ಹಿಂಭಾಗದ ಚೂಪು ಅಂಚುಗಳಿಗೆ, ಅಂಬಾಸಿಡರಿನ ಬಾನೆಟ್ ಮೇಲಿನ ಉಬ್ಬಿಗೆ ಮಾತ್ರ ಯಾರ ಕೈಯಲ್ಲಾದರೂ ಬೇಡ ಅನ್ನುತ್ತೇನೆ. ಅಂಚಿನ ಪಕ್ಕ ಒಂದೆರಡು ಬೆರಳಿನಷ್ಟು ಜಾಗ ಬಿಟ್ಟು ಮೆಷಿನ್ ಓಡಿಸಿ. ಉಳಿದದ್ದನ್ನು ಕೈಯಲ್ಲಿ ಮಾಡಿ. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕುವುದು ಒಳ್ಳೆಯ ಅಭ್ಯಾಸ. ಆದರೆ ಚಕ್ಕೆ ಏಳುತ್ತಿರುವ ಬಣ್ಣದ ಮೇಲೆ ಟೇಪ್ ಹಾಕಬೇಡಿ. ಹಾಕಿದ ಕಡೆಯೂ ಕೆಲಸ ಮುಗಿದ ಕೂಡಲೇ, ಮಡಿಚಿ ಹಿಂದಕ್ಕೆ ನಿಧಾನವಾಗಿ ಎಳೆದು ತೆಗೆಯಿರಿ. ಸಿಂಗಲ್ ಸ್ಟೇಜ್‌ನಲ್ಲಿ ಪ್ಯಾಡ್ ಬೇಗ ಬಣ್ಣ ತುಂಬಿಕೊಳ್ಳುತ್ತದೆ. ತುಂಬಿದ ಪ್ಯಾಡ್ ಪಾಲಿಶ್ ಮಾಡುವುದಿಲ್ಲ, ಬರೀ ಬಳಿಯುತ್ತದೆ. ಆಗಾಗ ಬದಲಿಸಿ.

ಕ್ಲೇ ಬಾರ್, ಅಂದರೆ ಮೈಮೇಲೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ಮುದ್ದೆ, ಅದರ ಬಗ್ಗೆ ಎರಡೇ ಮಾತು. ಮೈ ತಡವಿದಾಗ ಮರಳು ಮರಳಾಗಿ ತಾಗಿದರೆ ಮಾತ್ರ ಬೇಕು. ಜಾರುವಂತೆ ಚೆನ್ನಾಗಿ ಶಾಂಪೂ ನೀರು ಹಾಕಿ ಮೆಲ್ಲಗೆ ಓಡಿಸಿ, ಸಿಪ್ಪೆ ಎದ್ದ ಕಡೆ ಮುಟ್ಟಿಸಲೇಬೇಡಿ.

ಇನ್ನು ಮೇಣ. ಪಾಲಿಶ್ ಬಣ್ಣವನ್ನು ತೆಗೆಯುತ್ತದೆ, ಮೇಣ ಮೇಲೆ ಒಂದು ಪದರ ಕೂರಿಸುತ್ತದೆ. ಗ್ಯಾರೇಜಿನಲ್ಲಿ ಎರಡಕ್ಕೂ ಪಾಲಿಶ್ ಅಂತಲೇ ಹೇಳುತ್ತಾರೆ, ಹಾಗಾಗಿ ಏನು ಹಚ್ಚುತ್ತಿದ್ದಾರೆ ಅಂತ ಡಬ್ಬಿ ತಿರುಗಿಸಿ ಓದಿ. ಡಬ್ಬಿಯ ಮೇಲೆ ಕ್ಲೀನರ್ ವ್ಯಾಕ್ಸ್ ಅಂತಿದ್ದರೆ ಅದರಲ್ಲಿ ಉಜ್ಜುವ ಪುಡಿಯೋ ಕೊಳೆ ಕರಗಿಸುವ ರಾಸಾಯನಿಕವೋ ಇರುತ್ತದೆ. ತೆಳು ಬಣ್ಣಕ್ಕೆ ಪದೇ ಪದೇ ಅದು ಬೇಡ. ನಮಗೆ ಬೇಕಾದದ್ದು ಪುಡಿ ಇಲ್ಲದ ಬರೀ ಮೇಣ.

ಕಾರ್ನೌಬಾ ಅಂತ ಕೇಳಿರುತ್ತೀರಿ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಎಲೆ ಒಣಗಿಸಿ, ಬಡಿದು, ಉದುರಿದ ಪುಡಿಯನ್ನು ಕರಗಿಸುತ್ತಾರೆ. ಅದು ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಅಷ್ಟು ಗಟ್ಟಿ. ಹಾಗೇ ಹಚ್ಚಲು ಬರುವುದಿಲ್ಲ ಅಂತ ಬೇರೆ ಮೇಣ, ಎಣ್ಣೆ, ದ್ರಾವಕ ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಹಳೆ ಸಿಂಗಲ್ ಸ್ಟೇಜ್ ಬಣ್ಣದ ಮೇಲೆ ಅದು ಕೊಡುವ ಗಾಢ ಬಣ್ಣ ನನಗೆ ಬೇರೆ ಯಾವುದರಲ್ಲೂ ಕಂಡಿಲ್ಲ. ಬಾಳಿಕೆ ಕಮ್ಮಿ, ನಮ್ಮ ಬಿಸಿಲಿನಲ್ಲಿ ಕೆಲವು ವಾರ, ನೆರಳಿನಲ್ಲಿ ನಿಲ್ಲುವ ಕಾರಾದರೆ ಒಂದೆರಡು ತಿಂಗಳು. ಮೇಣದ ಬದಲು ಹಚ್ಚುವ ಸಿಂಥೆಟಿಕ್ ಸೀಲಂಟ್ ಇನ್ನೂ ಜಾಸ್ತಿ ಬಾಳುತ್ತದೆ. ಮಂಗಳೂರು, ಉಡುಪಿ ಕಡೆ ಉಪ್ಪು ಗಾಳಿ, ತಿಂಗಳುಗಟ್ಟಲೆ ಮಳೆ ಇರುವವರು ಅದನ್ನೇ ಹಾಕಿದರೂ ತಪ್ಪಿಲ್ಲ.

ಹಚ್ಚುವಾಗ ಎಲ್ಲರೂ ದಪ್ಪ ಹಚ್ಚುತ್ತಾರೆ. ತೆಳು ಪದರ ಸಾಕು, ಜಾಸ್ತಿ ಹಚ್ಚಿದರೆ ಒರೆಸಲು ಜೋರು ಬೇಕಾಗುತ್ತದೆ ಅಷ್ಟೇ. ಮಂಜು ಕಟ್ಟಿದಂತೆ ಆದ ಮೇಲೆ ಬೆರಳು ಎಳೆದು ನೋಡಿ. ಗೆರೆ ಶುದ್ಧವಾಗಿ ಬಂದರೆ ಒರೆಸಬಹುದು, ಕಲಸಿದಂತೆ ಆದರೆ ಇನ್ನೂ ಕಾಯಬೇಕು. ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್ ಮೇಲೆ ತಾಗಿಸಬೇಡಿ, ಬಿಳಿ ಕಲೆ ಕೂರುತ್ತದೆ. ವರ್ಷಕ್ಕೆ ಎರಡು ಸಲವಂತೂ ತಪ್ಪಿಸಬೇಡಿ. ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ನವರಾತ್ರಿಗೆ ಮುಂಚೆ ಒಮ್ಮೆ.

ಬಣ್ಣದ ಮೇಲೆ ಗಟ್ಟಿ ಪದರವಾಗಿ ಕೂರುವ ಸೆರಾಮಿಕ್ ಕೋಟಿಂಗ್ ಬಗ್ಗೆ ಕೇಳೇ ಕೇಳುತ್ತೀರಿ. ಹೊಸ ಕಾರಿಗೆ ಒಳ್ಳೆಯದೇ. ತೆಳುವಾದ ಹಳೆ ಬಣ್ಣಕ್ಕೆ ನಾನು ಮಾಡಿಸುವುದಿಲ್ಲ. ಅದು ಹಿಡಿಯಬೇಕಾದರೆ ಮೊದಲು ಬಣ್ಣದಲ್ಲಿರುವ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ನಾವು ಕಷ್ಟಪಟ್ಟು ಕುಡಿಸಿದ ಎಣ್ಣೆ ಅದು. ಕೋಟಿಂಗ್ ಕೆಳಗೆ ಗೀರು ಉಳಿಯಬಾರದು ಅಂತ ಅಂಗಡಿಯವರು ಮೊದಲು ಚೆನ್ನಾಗಿ ಕಟಿಂಗ್, ಅಂದರೆ ಒರಟು ಕಾಂಪೌಂಡಿನಲ್ಲಿ ಉಜ್ಜುವ ಕೆಲಸ ಮಾಡುತ್ತಾರೆ. ಮುಂದೆ ಆ ಕೋಟಿಂಗ್ ಹಾಳಾದರೆ ಅದನ್ನು ತೆಗೆಯಲು ಮತ್ತೆ ಉಜ್ಜಬೇಕು. ಉಜ್ಜಿದ ಎರಡೂ ಸಲ ಖರ್ಚಾಗುವುದು ನಿಮ್ಮ ಬಣ್ಣ. ಟೆಫ್ಲಾನ್ ಕೋಟಿಂಗ್ ಅಂತ ಮಾರುವುದರ ಬಗ್ಗೆಯೂ ತಿಳಿದಿರಲಿ. ಬಾಣಲೆಗೆ ಟೆಫ್ಲಾನ್ ಹಿಡಿಸಲು 300 ಡಿಗ್ರಿ ಮೀರಿದ ಶಾಖ ಬೇಕು. ಕಾರಿನ ಮೇಲೆ ಅದು ಸಾಧ್ಯವಿಲ್ಲ. ಹಚ್ಚುವುದು ಒಂದು ಸೀಲಂಟ್, ಅಷ್ಟೇ. ಅದರಿಂದ ತೊಂದರೆ ಇಲ್ಲ, ಅದಕ್ಕೆ ಮುಂಚೆ ಮಾಡುವ ರಬ್ಬಿಂಗ್‌ನಿಂದ ತೊಂದರೆ.

ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಒಂದು ಪ್ರಶ್ನೆ ಕೇಳಿದ್ದಾರೆ. ಅವರ ತಂದೆಯವರ ಪದ್ಮಿನಿಯ ಬಾನೆಟ್ ಅಂಚಿನಲ್ಲಿ ಆಗಲೇ ಪ್ರೈಮರ್ ಕಾಣುತ್ತಿದೆಯಂತೆ, ಟಾಪ್ ಮೇಲೆ ಸಣ್ಣ ಬಿರುಕುಗಳೂ ಇವೆಯಂತೆ. ಏನು ಮಾಡಬೇಕು? ಮೇಡಂ, ಬಿರುಕು ಬಿಟ್ಟ ಕಡೆ ಪಾಲಿಶ್ ಬೇಡ. ಪಾಲಿಶ್‌ನ ಬಿಳಿ ಪುಡಿ ಬಿರುಕಿನೊಳಗೆ ಕೂತರೆ ತೆಗೆಯಲು ಆಗುವುದಿಲ್ಲ, ಬಿರುಕು ಮೊದಲಿಗಿಂತ ಎದ್ದು ಕಾಣುತ್ತದೆ. ಅಲ್ಲಿ ತೊಳೆಯುವುದು, ಒಣಗಿಸುವುದು, ಒರೆಸಿದರೆ ಬೆಳ್ಳಗೆ ಉಳಿಯದಂಥ ಮೇಣ, ಇಷ್ಟೇ. ಪ್ರೈಮರ್ ಕಂಡ ಕಡೆ ತಗಡು ಕಂಡಿಲ್ಲ ತಾನೇ? ಹಾಗಾದರೆ ಮೇಣ ಹಚ್ಚಿಕೊಂಡು ಹಾಗೇ ಇಟ್ಟುಕೊಳ್ಳಿ. ಪ್ರೈಮರ್ ನೀರು ಹೀರುತ್ತದೆ, ಮಳೆಗಾಲದಲ್ಲಿ ಅದನ್ನು ಒದ್ದೆ ಬಿಡಬಾರದು. ತಗಡು ಕಂಡರೆ ಮಾತ್ರ ತುಕ್ಕು ಹಿಡಿಯುವ ಮುಂಚೆ ಸಣ್ಣ ಬ್ರಷ್‌ನಲ್ಲಿ ಅಷ್ಟೇ ಜಾಗಕ್ಕೆ ಟಚ್‌ಅಪ್ ಮಾಡಿ. ಇಡೀ ಬಾನೆಟ್‌ಗೆ ಹೊಸ ಬಣ್ಣ ಹೊಡೆಸಿಬಿಡೋಣ ಅಂತ ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ. ನಿಮ್ಮ ತಂದೆಯವರು ಕೊಂಡ ದಿನದ ಬಣ್ಣ ಅದು. ಸವೆದಿದ್ದರೂ ಅದೇ ಅದರ ಬೆಲೆ.

ಕಾರ್ ಕವರ್ ಹಾಕಬಹುದಾ ಅಂತ ಹಿಂದಿನಿಂದ ಕೇಳುತ್ತಿದ್ದಾರೆ. ತೊಳೆದು ಪೂರ್ತಿ ಒಣಗಿದ ಕಾರಿಗೆ, ಮುಚ್ಚಿದ ಶೆಡ್‌ನಲ್ಲಿ, ಒಳಗೆ ಮೆತ್ತನೆ ಬಟ್ಟೆ ಇರುವ ಕವರ್ ಆದರೆ ಹಾಕಿ. ಧೂಳು ಕೂತ ಕಾರಿನ ಮೇಲೆ, ರಸ್ತೆ ಬದಿಯಲ್ಲಿ ಬೇಡ. ಗಾಳಿಗೆ ಕವರ್ ಅಲುಗಾಡಿದಷ್ಟೂ ಧೂಳು ಬಣ್ಣವನ್ನು ಉಜ್ಜುತ್ತದೆ. ಪ್ಲಾಸ್ಟಿಕ್ ಕವರ್ ಆದರೆ ಒಳಗೆ ಬೆವರು ಕಟ್ಟುತ್ತದೆ.

ಕೊನೆಯದಾಗಿ, ಸ್ವಂತ ಮಾಡಲು ಆಗುವುದಿಲ್ಲ, ಅಂಗಡಿಗೇ ಕೊಡಬೇಕು ಅನ್ನುವವರಿಗೆ. ಕಾರು ಬಿಟ್ಟು ಬರಬೇಡಿ, ಶುರು ಮಾಡುವಾಗ ಪಕ್ಕದಲ್ಲಿ ನಿಲ್ಲಿ. ಕೆಲಸದ ಹುಡುಗನ ಜೊತೆ ಮರ್ಯಾದೆಯಿಂದ ಮಾತಾಡಿ, ಅವನಿಗೆ ದಿನಾ ಹೇಳುವುದು ಬೇಗ ಮುಗಿಸು ಅಂತ ಮಾತ್ರ. ನಿಮಗೆ ಬೇಗ ಬೇಡ ಅಂತ ಹೇಳಿ. ಯಾವ ಪ್ಯಾಡ್, ಯಾವ ಪಾಲಿಶ್ ಅಂತ ಕೇಳಿ. ಉಣ್ಣೆ ಪ್ಯಾಡ್ ಬೇಡ, ವಾಟರ್ ಪೇಪರ್ ಬೇಡ, ಅಂಚುಗಳಿಗೆ ಮೆಷಿನ್ ಬೇಡ, ಕಂಡ ಗೀರೆಲ್ಲ ಹೋಗಬೇಕಾಗಿಲ್ಲ ಅಂತ ಮೊದಲೇ ಹೇಳಿಬಿಡಿ. ಡಿಕ್ಕಿಯ ಮೇಲೆ ಒಂದು ಚೌಕ ಮಾಡಿಸಿ ನೋಡಿ. ಪ್ಯಾಡಿಗೆ ಗಟ್ಟಿ ಬಣ್ಣ ಬರಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಮೇಣ ಹಚ್ಚಿಸಿಕೊಂಡು, ಮಾತಾಡಿದ ಪೂರ್ತಿ ದುಡ್ಡು ಕೊಟ್ಟು ಬನ್ನಿ.